ಕಾರ್ಪೆಟ್ ಮೇಲೆ ಪೇಂಟ್ ಚೆಲ್ಲಿದೆಯಾ? ಯಾವ ಪೇಂಟ್ ಅಂತ ಮೊದಲು ನೋಡಿ

ಹಬ್ಬಕ್ಕೆ ಮುಂಚೆ, ಗೃಹಪ್ರವೇಶಕ್ಕೆ ಮುಂಚೆ, ಬಾಡಿಗೆ ಮನೆ ಖಾಲಿ ಮಾಡುವ ಮುಂಚೆ. ನಮ್ಮಲ್ಲಿ ಪೇಂಟಿಂಗ್ ನಡೆಯುವುದೇ ಅವಸರದಲ್ಲಿ. ಆ ಅವಸರದಲ್ಲೇ ಡಬ್ಬ ಉರುಳುತ್ತದೆ. ಆಗ ಎಲ್ಲರ ಕೈಗೂ ಮೊದಲು ಸಿಗುವುದು ಥಿನ್ನರ್ ಬಾಟಲಿ. ಪೇಂಟರ್ ಪಾಪ ಒಳ್ಳೆಯ ಮನಸ್ಸಿನಿಂದಲೇ "ತಡೀರಿ ಮೇಡಂ, ಥಿನ್ನರ್ ಹಾಕಿ ಒರೆಸಿಬಿಡ್ತೀನಿ, ಐದೇ ನಿಮಿಷ" ಅನ್ನುತ್ತಾರೆ. ದಯವಿಟ್ಟು ಬೇಡ ಅನ್ನಿ. "ಅಣ್ಣ, ಒಂದು ನಿಮಿಷ ಇರಿ, ಆ ಡಬ್ಬ ಸ್ವಲ್ಪ ಕೊಡಿ ಇಲ್ಲಿ" ಅಂತ ಡಬ್ಬ ಇಸ್ಕೊಳ್ಳಿ.

ಪೇಂಟ್ ಬಿದ್ದು ಹಾಳಾದ ಕಾರ್ಪೆಟ್‌ಗಳಿಗಿಂತ, ಪೇಂಟ್ ತೆಗೆಯಲು ಹೋಗಿ ಹಾಳಾದ ಕಾರ್ಪೆಟ್‌ಗಳನ್ನೇ ನಾನು ಜಾಸ್ತಿ ನೋಡಿದ್ದೇನೆ. ತಪ್ಪು ದ್ರಾವಣ ಸುರಿದು ಹಿಂಬದಿಯ ಅಂಟು ಕರಗಿದ್ದು, ಉಣ್ಣೆಗೆ ಬ್ಲೀಚ್ ಹಾಕಿ ಎಳೆಯೇ ಸವೆದದ್ದು, ಉಜ್ಜಿ ಉಜ್ಜಿ ಅಂಗೈಯಗಲದ ಕಲೆಯನ್ನು ಮೊಣಕೈಯುದ್ದ ಮಾಡಿದ್ದು. ಅದಕ್ಕೇ ಇಲ್ಲಿ ಮೊದಲು ಪತ್ತೆ ಹಚ್ಚುವುದನ್ನು ಹೇಳುತ್ತೇನೆ. ಯಾವ ಪೇಂಟ್, ಯಾವ ಕಾರ್ಪೆಟ್, ಹಸಿಯಾ ಒಣಗಿದೆಯಾ. ಈ ಮೂರಕ್ಕೆ ಉತ್ತರ ಸಿಕ್ಕರೆ ಏನು ಹಾಕಬೇಕು ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ.

ಮೊದಲ ಹತ್ತು ನಿಮಿಷ

ಮಕ್ಕಳನ್ನು, ನಾಯಿಯನ್ನು ಬೇರೆ ಕೋಣೆಗೆ ಕಳಿಸಿ. ಒಬ್ಬರು ತುಳಿದರೆ ಸಾಕು, ಹಾಲ್ ತುಂಬ ಹೆಜ್ಜೆ ಗುರುತು ಬೀಳುತ್ತದೆ.

ಹಸಿ ಪೇಂಟ್ ಮೇಲೆ ಬಟ್ಟೆ ಹಾಕಬೇಡಿ, ಇನ್ನೂ ಹಾಕಬೇಡಿ. ಮೊದಲು ಬಾಚಿ ತೆಗೆಯಿರಿ. ದೊಡ್ಡ ಚಮಚ, ಹಳೆಯ ಎಟಿಎಂ ಕಾರ್ಡ್, ದೋಸೆ ಮಗುಚುವ ಸಟ್ಟುಗ, ಯಾವುದಾದರೂ ಸರಿ, ಅಂಚು ಹರಿತ ಇರಬಾರದು ಅಷ್ಟೇ. ಕಲೆಯ ಹೊರಗಿನಿಂದ ನಡುವಿಗೆ ಬಾಚಿಕೊಂಡು ಬನ್ನಿ, ಎತ್ತಿ ಒಂದು ಹಳೆಯ ಡಬ್ಬಕ್ಕೆ ಹಾಕಿ, ಪ್ರತಿ ಸಲ ಚಮಚ ಒರೆಸಿಕೊಂಡು ಮತ್ತೆ ಬಾಚಿ. ಹೀಗೇ ಬರೀ ಚಮಚದಿಂದಲೇ ಪೇಂಟ್‌ನ ಹೆಚ್ಚಿನ ಪಾಲು ಎದ್ದು ಬರುತ್ತದೆ. ಇದನ್ನು ಬಿಟ್ಟು ಬಟ್ಟೆ ಒತ್ತಿದರೆ ಮೇಲಿದ್ದ ದಪ್ಪ ಪೇಂಟ್ ಎಳೆಗಳ ಬುಡಕ್ಕೆ ಇಳಿಯುತ್ತದೆ, ಅಲ್ಲಿಂದ ಅದನ್ನು ಮೇಲೆ ತರುವುದು ಬಹಳ ಕಷ್ಟ.

ಬಾಚಿದ ಮೇಲೆ ಬಿಳಿ ಬಟ್ಟೆ ತೆಗೆದುಕೊಳ್ಳಿ. ಹಳೆಯ ಪಂಚೆ, ಬನಿಯನ್ ಇದಕ್ಕೆ ಚೆನ್ನಾಗಿ ಆಗುತ್ತದೆ. ಬಣ್ಣದ ಟವೆಲ್ ಬೇಡ, ಅದರ ಬಣ್ಣ ಕಾರ್ಪೆಟ್‌ಗೆ ಹತ್ತಬಹುದು. ನ್ಯೂಸ್‌ಪೇಪರ್‌ನ ಶಾಯಿಯೂ ಹಾಗೇ. ಒತ್ತಿ, ಎತ್ತಿ, ಬಟ್ಟೆಯ ಒಣ ಭಾಗಕ್ಕೆ ತಿರುಗಿಸಿ, ಮತ್ತೆ ಒತ್ತಿ. ಉಜ್ಜಬೇಡಿ. ಉಜ್ಜಿದರೆ ಪೇಂಟ್ ಹರಡುವುದು ಒಂದು ಕಡೆ, ಎಳೆಯ ಹುರಿ ಬಿಚ್ಚಿ ಮೇಲ್ಮೈ ಜುಂಗು ಜುಂಗಾಗುವುದು ಇನ್ನೊಂದು ಕಡೆ. ಪೇಂಟ್ ಹೋದರೂ ಆ ಜುಂಗು ಹೋಗುವುದಿಲ್ಲ.

ಆ ಜಾಗದಲ್ಲಿ ಕಾರ್ಪೆಟ್ ಎತ್ತಿ ಕೆಳಗೆ ಒಂದು ಪ್ಲಾಸ್ಟಿಕ್ ಹಾಳೆ ಸರಿಸಿ. ಕೆಳಗೆ ಮರದ ನೆಲ ಇದ್ದರಂತೂ ಇದನ್ನು ಮರೆಯಬೇಡಿ.

ಸಾಮಾನು ತರಲು ಅಂಗಡಿಗೆ ಹೋಗಬೇಕಾ? ನೀರಿನ ಪೇಂಟ್ ಆದರೆ ಕಲೆಯ ಮೇಲೆ ಒದ್ದೆ ಬಿಳಿ ಬಟ್ಟೆ ಹಾಸಿ, ಅದರ ಮೇಲೆ ಪ್ಲಾಸ್ಟಿಕ್ ಕವರ್ ಮುಚ್ಚಿ ಹೋಗಿ. ಆಯಿಲ್ ಪೇಂಟ್ ಆದರೆ ಬರೀ ಪ್ಲಾಸ್ಟಿಕ್ ಸಾಕು. ಎರಡರಲ್ಲೂ ಒಣಗುವುದು ನಿಧಾನವಾಗುತ್ತದೆ. ಫ್ಯಾನ್ ಮಾತ್ರ ಹಾಕಬೇಡಿ. ಮನೆಯ ಸಾಮಾನ್ಯ ವ್ಯಾಕ್ಯೂಮ್ ಕ್ಲೀನರ್‌ನಿಂದ ಹಸಿ ಪೇಂಟ್ ಎಳೆಯುವುದೂ ಬೇಡ, ಪೈಪು ಮೋಟರ್ ಎರಡೂ ಹಾಳು.

ಪತ್ತೆ ಒಂದು: ಇದು ಯಾವ ಪೇಂಟ್?

ಡಬ್ಬ ಕೈಯಲ್ಲಿದ್ದರೆ ಹೆಸರು ನೋಡಬೇಡಿ, ಹಿಂದೆ ಸಣ್ಣ ಅಕ್ಷರದಲ್ಲಿ ಏನು ಬೆರೆಸಿ ತೆಳುಮಾಡಬೇಕು ಅಂತ ಬರೆದಿರುತ್ತದಲ್ಲ, ಆ ಸಾಲು ನೋಡಿ. ನೀರು ಅಂತಿದ್ದರೆ ನೀರಿನ ಪೇಂಟ್. ಟರ್ಪೆಂಟೈನ್ ಅಂತಿದ್ದರೆ ಎಣ್ಣೆ ಪೇಂಟ್. ಹೆಸರು ಯಾಕೆ ನಂಬಬಾರದು ಅಂದರೆ, ಹಿಂದೆ ಎನಾಮಲ್ ಅಂದರೆ ಕಣ್ಣು ಮುಚ್ಚಿ ಆಯಿಲ್ ಪೇಂಟ್ ಅನ್ನಬಹುದಿತ್ತು, ಈಗ ನೀರು ಬೆರೆಸುವ ಎನಾಮಲ್ ಕೂಡ ಬರುತ್ತದೆ. ಪ್ರೈಮರ್‌ನಲ್ಲೂ ಎರಡು ಥರ ಇದೆ.

ಡಬ್ಬ ಇಲ್ಲದಿದ್ದರೆ ಪೇಂಟರ್ ಬ್ರಶ್ ಯಾವುದರಲ್ಲಿ ತೊಳೆಯುತ್ತಿದ್ದಾರೆ ನೋಡಿ. ನೀರಿನ ಬಕೆಟ್ಟಾ, ಥಿನ್ನರ್ ಡಬ್ಬಿಯಾ? ಇಷ್ಟು ಸುಲಭದ ಪತ್ತೆ ಇನ್ನೊಂದಿಲ್ಲ. ಅವರೂ ಹೊರಟುಹೋಗಿದ್ದರೆ, ಆ ದಿನ ಏನು ಬಳಿಯುತ್ತಿದ್ದರು ಯೋಚಿಸಿ. ಗೋಡೆ, ಸೀಲಿಂಗ್ ಆದರೆ ಬಹುತೇಕ ಎಮಲ್ಷನ್ ಅಥವಾ ಡಿಸ್ಟೆಂಪರ್, ಎರಡೂ ನೀರಿನ ಪೇಂಟ್. ಕಿಟಕಿಯ ಗ್ರಿಲ್, ಗೇಟು, ಬಾಗಿಲು ಆದರೆ ಎನಾಮಲ್ ಇರುವ ಸಾಧ್ಯತೆ ಜಾಸ್ತಿ. ವಾರ್ಡ್‌ರೋಬ್ ಆದರೆ ಪಾಲಿಶ್.

ಕಲೆ ಯಾವ ಕಾಲದ್ದೋ ಗೊತ್ತಿಲ್ಲ, ಹಿಂದಿನ ಬಾಡಿಗೆಯವರದ್ದು, ಒಣಗಿ ಕಲ್ಲಾಗಿದೆ ಅಂದರೆ ಸ್ಪಿರಿಟ್ ಪರೀಕ್ಷೆ ಮಾಡಿ. ಮೆಡಿಕಲ್ ಸ್ಟೋರ್‌ನಲ್ಲಿ ಐಸೋಪ್ರೊಪೈಲ್ ಆಲ್ಕೋಹಾಲ್ ಸಿಗುತ್ತದೆ, ಇಲ್ಲಿ ನಾನು ಸ್ಪಿರಿಟ್ ಅನ್ನುವುದು ಇದಕ್ಕೇ, 70 ಪರ್ಸೆಂಟ್‌ನದ್ದು ಸಾಕು. ಕಿವಿಗೆ ಹಾಕುವ ಹತ್ತಿ ಕಡ್ಡಿಯನ್ನು ಅದರಲ್ಲಿ ಅದ್ದಿ, ಕಲೆಯ ಅಂಚಿನ ಒಂದೇ ಒಂದು ಚುಕ್ಕೆಯ ಮೇಲೆ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಆಮೇಲೆ ಕಡ್ಡಿಯನ್ನು ಸ್ವಲ್ಪ ತಿರುಗಿಸಿ ಎತ್ತಿ. ಹತ್ತಿಗೆ ಬಣ್ಣ ಹತ್ತಿದೆಯಾ, ಪೇಂಟ್‌ನ ಅಂಚು ಮೆತ್ತಗಾಗಿ ಉಗುರಿಗೆ ಅಂಟುತ್ತಿದೆಯಾ? ಹಾಗಿದ್ದರೆ ಎಮಲ್ಷನ್. ಕಡ್ಡಿ ಬೆಳ್ಳಗೇ ಇದ್ದು ಪೇಂಟ್ ಗಟ್ಟಿಯಾಗಿ ಹೊಳೆಯುತ್ತಲೇ ಇದ್ದರೆ ಆಯಿಲ್ ಪೇಂಟ್ ಅಥವಾ ಪಿಯು (ಪಾಲಿಯುರೆಥೇನ್) ಪಾಲಿಶ್. ಇದಕ್ಕೆ ಮುಂಚೆ ಬರೀ ನೀರು ಅದ್ದಿದ ಕಡ್ಡಿಯಲ್ಲೂ ಒಮ್ಮೆ ನೋಡಿ. ನೀರಿಗೇ ಪುಡಿ ಪುಡಿಯಾಗಿ ಬಿಟ್ಟರೆ ಅದು ಡಿಸ್ಟೆಂಪರ್ ಅಥವಾ ಸುಣ್ಣ, ನಿಮ್ಮ ಅದೃಷ್ಟ ಚೆನ್ನಾಗಿದೆ.

ಪತ್ತೆ ಎರಡು: ಇದು ಯಾವ ಕಾರ್ಪೆಟ್?

ತಿರುಗಿಸಿ ಹಿಂಬದಿ ನೋಡಿ. ಮುಂದಿನ ಚಿತ್ತಾರವೇ ಹಿಂದೆಯೂ ಸಣ್ಣ ಸಣ್ಣ ಗಂಟುಗಳಲ್ಲಿ ಕಂಡರೆ ಅದು ಕೈಯಲ್ಲಿ ಗಂಟು ಹಾಕಿ ನೇಯ್ದದ್ದು. ಕಾಶ್ಮೀರದ್ದು, ಉತ್ತರ ಪ್ರದೇಶದ ಭದೋಹಿ, ಮಿರ್ಜಾಪುರ ಕಡೆಯದ್ದು ಹೀಗಿರುತ್ತದೆ. ಹಿಂದೆ ದಪ್ಪ ಬಟ್ಟೆ ಅಂಟಿಸಿದ್ದರೆ ಅದು ಟಫ್ಟೆಡ್. ಬಟ್ಟೆಗೆ ಗನ್‌ನಿಂದ ಅಥವಾ ಮೆಷಿನ್‌ನಿಂದ ಎಳೆ ಚುಚ್ಚಿ, ಹಿಂದೆ ಲೇಟೆಕ್ಸ್ ಅಂಟು ಬಳಿದು ಹಿಡಿಸಿರುತ್ತಾರೆ. ಎಳೆಗಳನ್ನು ಹಿಡಿದಿರುವುದೇ ಆ ಅಂಟು. ಥಿನ್ನರ್, ಟರ್ಪೆಂಟೈನ್ ಇಳಿದರೆ ಅಂಟು ಮೆತ್ತಗಾಗುತ್ತದೆ. ಆ ಜಾಗದಲ್ಲಿ ಕಾರ್ಪೆಟ್ ಉಬ್ಬುತ್ತದೆ, ವ್ಯಾಕ್ಯೂಮ್ ಮಾಡಿದಾಗ ಎಳೆಗಳು ಗೊಂಚಲು ಗೊಂಚಲಾಗಿ ಕಿತ್ತು ಬರುತ್ತವೆ. ಥಿನ್ನರ್ ಬೇಡ ಅನ್ನಿ ಅಂತ ಮೊದಲೇ ಹೇಳಿದ್ದು ಇದಕ್ಕೇ.

ಇನ್ನು ಎಳೆ ಯಾವುದು? ಹಿಂದೆ ಲೇಬಲ್ ಇದ್ದರೆ ಮುಗಿಯಿತು. ಇಲ್ಲದಿದ್ದರೆ ಅಂಚಿನಿಂದ, ಕಾಣದ ಜಾಗದಿಂದ ಒಂದೆರಡು ಎಳೆ ಕತ್ತರಿಸಿಕೊಳ್ಳಿ. ಕುಚ್ಚಿನಿಂದ ಬೇಡ, ಕುಚ್ಚು ಹಲವು ಸಲ ಬರೀ ಹತ್ತಿಯದ್ದಾಗಿರುತ್ತದೆ. ಒಂದು ಎಳೆಯನ್ನು ನೀರಿನ ಲೋಟಕ್ಕೆ ಹಾಕಿ, ಗಾಳಿ ಹೋಗುವ ಹಾಗೆ ಬೆರಳಲ್ಲಿ ಚೆನ್ನಾಗಿ ಹಿಸುಕಿ ಬಿಡಿ. ಆದರೂ ತೇಲಿ ಬಂದರೆ ಪಾಲಿಪ್ರೊಪಿಲೀನ್, ಯಾಕೆಂದರೆ ಅದು ನೀರಿಗಿಂತ ಹಗುರ. ಮುಳುಗಿದರೆ ಇನ್ನೊಂದು ಎಳೆಯನ್ನು ಚಿಮಟದಲ್ಲಿ ಹಿಡಿದು ಸಿಂಕ್ ಹತ್ತಿರ ಸುಟ್ಟು ನೋಡಿ. ಸುತ್ತ ಥಿನ್ನರ್, ಸ್ಪಿರಿಟ್, ಟರ್ಪೆಂಟೈನ್ ಏನೂ ಇರಬಾರದು. ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ಉಣ್ಣೆ. ರೇಷ್ಮೆಯೂ ಹೀಗೇ ಸುಡುತ್ತದೆ. ಕಾಗದ ಸುಟ್ಟ ವಾಸನೆ ಬಂದರೆ ಹತ್ತಿ, ಸೆಣಬು ಅಥವಾ ವಿಸ್ಕೋಸ್. ಕರಗಿ ಗಟ್ಟಿ ಮಣಿಯಾದರೆ ನೈಲಾನ್, ಪಾಲಿಯೆಸ್ಟರ್‌ನಂಥ ಸಿಂಥೆಟಿಕ್.

ಇದರಲ್ಲಿ ವಿಸ್ಕೋಸ್ ಬಗ್ಗೆ ಎಚ್ಚರ. ರೇಷ್ಮೆಯಂತೆ ಮಿರಿಮಿರಿ ಮಿಂಚುತ್ತದೆ, ಅಂಗಡಿಯಲ್ಲಿ ಆರ್ಟ್ ಸಿಲ್ಕ್, ಬ್ಯಾಂಬೂ ಸಿಲ್ಕ್ ಅಂತೆಲ್ಲ ಹೇಳಿ ಕೊಟ್ಟಿರುತ್ತಾರೆ. ಒದ್ದೆಯಾದರೆ ಅದರ ಶಕ್ತಿ ಕುಂದುತ್ತದೆ, ಒಣಗಿದ ಮೇಲೆ ಮೇಲ್ಮೈ ಒರಟಾಗಿ ಹಳದಿ ತಿರುಗುತ್ತದೆ. ನಿಮ್ಮದು ವಿಸ್ಕೋಸ್ ಅಥವಾ ನಿಜವಾದ ರೇಷ್ಮೆ ಅಂತ ಗೊತ್ತಾದರೆ, ಬಾಚಿ ಒತ್ತುವಷ್ಟು ಮಾಡಿ ನಿಲ್ಲಿಸಿ, ಮುಂದಿನ ಕೆಲಸ ಬಲ್ಲವರಿಗೆ ಬಿಡಿ.

ಜಮಖಾನದ ವಿಷಯವನ್ನೂ ಹೇಳಿಬಿಡುತ್ತೇನೆ. ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನ ಎಷ್ಟೋ ಮನೆಗಳಲ್ಲಿ ಇದೆ. ಅದು ಹತ್ತಿ, ಜುಂಗಿಲ್ಲ, ಹಿಂದೆ ಅಂಟೂ ಇಲ್ಲ, ಹಾಗಾಗಿ ಪೇಂಟ್ ತೆಗೆಯುವುದು ಎಷ್ಟೋ ಸುಲಭ, ಎರಡೂ ಕಡೆಯಿಂದ ಕೆಲಸ ಮಾಡಬಹುದು. ಆದರೆ ಗಾಢ ಬಣ್ಣಗಳು ಪಕ್ಕದ ಪಟ್ಟೆಗೆ ಬಿಡಬಹುದು, ಅದಕ್ಕೇ ನೀರು ಹಾಕುವ ಮುಂಚೆ ಪರೀಕ್ಷೆ ಮಾಡಲೇಬೇಕು.

ಆ ಪರೀಕ್ಷೆ ಎಲ್ಲ ಕಾರ್ಪೆಟ್‌ಗೂ ಒಂದೇ. ಸೋಫಾ ಕೆಳಗೆ ಹೋಗುವ ಮೂಲೆಯಲ್ಲಿ, ನೀವು ಹಾಕಬೇಕೆಂದಿರುವ ದ್ರವವನ್ನೇ ಬಿಳಿ ಬಟ್ಟೆಗೆ ಹಾಕಿ ಹತ್ತು ನಿಮಿಷ ಒತ್ತಿಡಿ. ಬಟ್ಟೆಗೆ ಕಾರ್ಪೆಟ್‌ನ ಬಣ್ಣ ಬಂತಾ? ಆ ದ್ರವ ಬೇಡ. ಈ ಹತ್ತು ನಿಮಿಷ ದಯವಿಟ್ಟು ಉಳಿಸಲು ಹೋಗಬೇಡಿ.

ನೀರಿನ ಪೇಂಟ್, ಇನ್ನೂ ಹಸಿ

ಅರ್ಧ ಲೀಟರ್ ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಪಾತ್ರೆ ತೊಳೆಯುವ ಲಿಕ್ವಿಡ್. ಅಷ್ಟೇ ಸಾಕು. ಉಣ್ಣೆ ಆದರೆ ಉಣ್ಣೆಬಟ್ಟೆಗೆ ಅಂತಲೇ ಬರುವ ಈಜಿಯಂಥದ್ದು ಹಾಕಿ. ಬಟ್ಟೆ ಒಗೆಯುವ ಪುಡಿ, ವಾಷಿಂಗ್ ಸೋಡಾ ಉಣ್ಣೆಗೆ ಬೇಡ, ಕ್ಷಾರ ಉಣ್ಣೆಗೆ ಆಗುವುದಿಲ್ಲ. ಬ್ಲೀಚ್ ಅಂತೂ ಉಣ್ಣೆಯನ್ನು ಕರಗಿಸಿಯೇ ಬಿಡುತ್ತದೆ.

ಕಲೆಯ ಮೇಲೆ ಸುರಿಯಬೇಡಿ. ಬಟ್ಟೆ ಅದ್ದಿ, ಹಿಂಡಿ, ಒತ್ತಿ. ಇನ್ನೊಂದು ಒಣ ಬಟ್ಟೆಯಿಂದ ಹೀರಿಸಿ. ಮತ್ತೆ ಒದ್ದೆ, ಮತ್ತೆ ಒಣ. ಹೊರಗಿನಿಂದ ಒಳಕ್ಕೆ. ಬಟ್ಟೆಗೆ ಬಣ್ಣ ಬರುತ್ತಿರುವವರೆಗೂ ಮಾಡುತ್ತಲೇ ಇರಿ, ನಡುವೆ ಊಟಕ್ಕೆ ಎದ್ದು ಹೋಗಬೇಡಿ. ತೆಳ್ಳಗಿನ ಎಮಲ್ಷನ್ ಗೋಡೆ ಮೇಲೆ ಅರ್ಧ ಗಂಟೆಯಲ್ಲಿ ಕೈಗೆ ಅಂಟದಷ್ಟು ಒಣಗುತ್ತದೆ, ಕಾರ್ಪೆಟ್‌ನಲ್ಲಿ ಎಳೆಗಳ ತುದಿಗೆ ಹತ್ತಿದ್ದೂ ಅಷ್ಟೇ ಬೇಗ ಒಣಗುತ್ತದೆ. ಬುಡದಲ್ಲಿ ನಿಂತದ್ದು ಮಾತ್ರ ಗಂಟೆಗಟ್ಟಲೆ ಹಸಿ ಇರುತ್ತದೆ. ಮೇಲೆ ಒಣಗಿದ ಹಾಗೆ ಕಂಡಿತು ಅಂತ ಕೈ ಬಿಡಬೇಡಿ. ಬೆರಳಲ್ಲಿ ಎಳೆಗಳನ್ನು ಬಿಡಿಸಿ ಬುಡ ನೋಡಿ.

ಕೊನೆಗೆ ಬರೀ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಎರಡು ಮೂರು ಸಲ ಒತ್ತಿ ಸೋಪಿನ ಅಂಶ ತೆಗೆಯಿರಿ. ಇದನ್ನು ಬಿಡುವವರೇ ಜಾಸ್ತಿ. ಬಿಟ್ಟರೆ ಏನಾಗುತ್ತದೆ ಅಂತ ಮುಂದೆ ಹೇಳುತ್ತೇನೆ.

ನೀರಿನ ಪೇಂಟ್, ಒಣಗಿಬಿಟ್ಟಿದೆ

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಹೆಚ್ಚಿನವರು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ.

ಎಮಲ್ಷನ್ ಅಂದರೆ ನೀರಿನಲ್ಲಿ ತೇಲುವ ಪ್ಲಾಸ್ಟಿಕ್‌ನ ಸೂಕ್ಷ್ಮ ಕಣಗಳು, ಜೊತೆಗೆ ಬಣ್ಣದ ಪುಡಿ. ನೀರು ಆರಿದಾಗ ಕಣಗಳು ಒಂದಕ್ಕೊಂದು ಕೂಡಿಕೊಂಡು ಪದರವಾಗುತ್ತವೆ, ಒಣಗಿದ ಫೆವಿಕಾಲ್ ಹಾಗೆ. ಆ ಪದರ ಮತ್ತೆ ನೀರಿಗೆ ಕರಗುವುದಿಲ್ಲ. ಹಾಗಾಗಿ ಎಷ್ಟು ಬಕೆಟ್ ಸೋಪಿನ ನೀರು ಹಾಕಿದರೂ ಪ್ರಯೋಜನ ಇಲ್ಲ, ಕಾರ್ಪೆಟ್ ನೆನೆಯುತ್ತದೆ ಅಷ್ಟೇ. ಆದರೆ ಆಲ್ಕೋಹಾಲ್‌ಗೆ ಅದು ಮೆತ್ತಗಾಗುತ್ತದೆ, ಬಿಸಿಗೂ ಮೆತ್ತಗಾಗುತ್ತದೆ. ನಮ್ಮ ಕೆಲಸ ಮಾಡಿಕೊಡುವುದು ಇವೆರಡೇ.

ಮೊದಲು ಒಣಗಿದ್ದಂತೆಯೇ ಎಷ್ಟು ಬರುತ್ತದೆ ನೋಡಿ. ಮೇಲೆ ದಪ್ಪ ಪದರ ಇದ್ದರೆ ಚಮಚದ ಅಂಚಿನಿಂದ ಮುರಿದು, ಬಿದ್ದ ಚೂರುಗಳನ್ನು ವ್ಯಾಕ್ಯೂಮ್ ಮಾಡಿ. ಆಮೇಲೆ ಕಿಟಕಿ ತೆರೆದು, ದೇವರ ದೀಪ, ಗ್ಯಾಸ್ ಎಲ್ಲ ಆರಿಸಿ. ಐಸೋಪ್ರೊಪೈಲ್ ಆಲ್ಕೋಹಾಲ್ ಬೇಗ ಹೊತ್ತಿಕೊಳ್ಳುತ್ತದೆ. ಪಾಲಿಶ್ ಕೆಲಸದವರ ಹತ್ತಿರ ಇರುವ ಸ್ಪಿರಿಟ್ ತೆಗೆದುಕೊಳ್ಳಬೇಡಿ, ಅದರಲ್ಲಿ ಮೆಥನಾಲ್ ಬೆರೆಸಿರಬಹುದು, ಅದು ವಿಷ. ಹ್ಯಾಂಡ್ ಸ್ಯಾನಿಟೈಸರ್ ಜೆಲ್ ಕೂಡ ಬೇಡ, ಆಲ್ಕೋಹಾಲ್ ಆರಿ ಹೋಗಿ ಅದರ ಅಂಟು ಉಳಿಯುತ್ತದೆ.

ಒಂದು ಸಲಕ್ಕೆ ಮೂರು ಬೆರಳಗಲದ ಜಾಗ ಮಾತ್ರ. ಬಟ್ಟೆಯ ತುಂಡನ್ನು ಸ್ಪಿರಿಟ್‌ನಲ್ಲಿ ಅದ್ದಿ, ತೊಟ್ಟಿಕ್ಕದ ಹಾಗೆ ಹಿಂಡಿ, ಆ ಜಾಗದ ಮೇಲಿಟ್ಟು ಪ್ಲಾಸ್ಟಿಕ್ ಮುಚ್ಚಿ ಐದು ನಿಮಿಷ ಬಿಡಿ. ತೆಗೆದಾಗ ಪೇಂಟ್ ರಬ್ಬರಿನಂತೆ ಮೆತ್ತಗಾಗಿರುತ್ತದೆ. ಈಗ ಚಮಚದ ಅಂಚನ್ನು ಎಳೆಯ ಬುಡದಲ್ಲಿಟ್ಟು, ಹೆಬ್ಬೆರಳಿನಿಂದ ಎಳೆಯನ್ನು ಅದಕ್ಕೆ ಒತ್ತಿ ಹಿಡಿದು, ಬುಡದಿಂದ ತುದಿಗೆ ಎಳೆಯಿರಿ. ಚಮಚದ ಅಂಚಿಗೆ ಬಿಳಿಯ ಅಂಟು ಸುರುಳಿ ಸುರುಳಿಯಾಗಿ ಬಂದು ಕೂರುತ್ತದೆ. ಒರೆಸಿ, ಮತ್ತೆ ಎಳೆಯಿರಿ. ತಡಮಾಡಿದರೆ ಸ್ಪಿರಿಟ್ ಆರಿ ಪೇಂಟ್ ಮತ್ತೆ ಬಿಗಿಯುತ್ತದೆ, ಆಗ ಜೋರು ಮಾಡಬೇಡಿ, ಮತ್ತೆ ಬಟ್ಟೆ ಇಟ್ಟು ಕಾಯಿರಿ. ಉಳಿದ ಸಣ್ಣ ಚೂರುಗಳಿಗೆ ಹಳೆಯ ಮೆತ್ತನೆಯ ಟೂತ್‌ಬ್ರಶ್, ಅದೂ ಎಳೆ ಹೋಗುವ ದಿಕ್ಕಿನಲ್ಲೇ. ಅಂಗೈಯಷ್ಟು ಕಲೆಗೆ ಗಂಟೆ ಹಿಡಿಯಬಹುದು. ಬೇರೆ ದಾರಿ ಇಲ್ಲ, ಆದರೆ ಈ ದಾರಿಯಲ್ಲಿ ಕಾರ್ಪೆಟ್ ಉಳಿಯುತ್ತದೆ.

ಸ್ಪಿರಿಟ್‌ಗೆ ಕಾರ್ಪೆಟ್‌ನ ಬಣ್ಣ ಬಿಡುತ್ತಿದ್ದರೆ ಬಿಸಿ ಪ್ರಯತ್ನಿಸಬಹುದು. ಸ್ಟೀಮ್ ಇಸ್ತ್ರಿ ಪೆಟ್ಟಿಗೆಯನ್ನು ಕಾರ್ಪೆಟ್‌ಗೆ ತಾಗಿಸದೆ ಎರಡು ಬೆರಳು ಮೇಲೆ ಹಿಡಿದು ಹಬೆ ಬಿಡಿ, ಮೆತ್ತಗಾದ ತಕ್ಷಣ ಚಮಚದಿಂದ ಎಳೆಯಿರಿ. ತಾಗಿಸಿದರೆ ಏನಾಗುತ್ತದೆ? ಪಾಲಿಪ್ರೊಪಿಲೀನ್ ಸುಮಾರು 165 ಡಿಗ್ರಿಗೆ ಕರಗುತ್ತದೆ, ಇಸ್ತ್ರಿ ಪೆಟ್ಟಿಗೆಯ ಕಾಟನ್ ಸೆಟ್ಟಿಂಗ್ ಸುಮಾರು 200 ಡಿಗ್ರಿ. ಲೆಕ್ಕ ನೀವೇ ಹಾಕಿ. ಬಣ್ಣ ಗಟ್ಟಿಯಿಲ್ಲದ ಉಣ್ಣೆಗೂ ಹಬೆ ಬೇಡ.

ಆಯಿಲ್ ಪೇಂಟ್

ಹಸಿ ಇದ್ದರೆ ನೀರು ಹಾಕಬೇಡಿ. ಬಾಚಿ, ಒಣ ಬಟ್ಟೆಯಲ್ಲಿ ಒತ್ತಿ, ಬಟ್ಟೆಗೆ ಇನ್ನು ಬರುವುದಿಲ್ಲ ಅನ್ನುವವರೆಗೂ ಒತ್ತಿ. ಆಮೇಲೆ ಟರ್ಪೆಂಟೈನ್. ಥಿನ್ನರ್ ಅಲ್ಲ, ಟರ್ಪೆಂಟೈನ್. ಎನ್‌ಸಿ ಥಿನ್ನರ್, ಅಂದರೆ ನೈಟ್ರೋಸೆಲ್ಯುಲೋಸ್ ಪಾಲಿಶ್‌ಗೆ ಬೆರೆಸುವಂಥದ್ದು, ಇನ್ನೂ ಖಾರದ್ದು, ಅಂಟನ್ನು ಬಹಳ ಬೇಗ ಕರಗಿಸುತ್ತದೆ. ಟರ್ಪೆಂಟೈನ್ ಕೂಡ ಬಟ್ಟೆಗೆ ಹಾಕಿ ಒತ್ತುವುದೇ ಹೊರತು ಕಾರ್ಪೆಟ್‌ಗೆ ಸುರಿಯುವುದಿಲ್ಲ. ಟಫ್ಟೆಡ್ ಆದರೆ ಎಳೆಯ ಅರ್ಧದವರೆಗೆ ಮಾತ್ರ ತಾಗುವಷ್ಟು, ಹಿಂದಿನ ಅಂಟಿಗೆ ಇಳಿಯಬಾರದು. ಸೀಮೆಎಣ್ಣೆ ಮನೆಯಲ್ಲಿ ಉಳಿದಿದೆ ಅಂತ ಅದನ್ನು ಬಳಸಬೇಡಿ, ಅದರ ಜಿಡ್ಡು, ವಾಸನೆ ಎರಡೂ ಬೇಗ ಹೋಗುವುದಿಲ್ಲ. ಪೇಂಟ್ ಬಂದ ಮೇಲೆ ಎಣ್ಣೆಯ ಪಸೆ ಉಳಿದಿರುತ್ತದೆ. ಅದಕ್ಕೆ ಮೇಲೆ ಹೇಳಿದ ಸೋಪಿನ ನೀರು, ಆಮೇಲೆ ಬರೀ ನೀರು.

ಇಲ್ಲಿ ಒಂದು ಅಪಾಯ ಇದೆ, ಇದನ್ನು ಓದದೆ ಮುಂದೆ ಹೋಗಬೇಡಿ. ಆಯಿಲ್ ಪೇಂಟ್ ಒಣಗುವುದು ಬರೀ ದ್ರವ ಆರಿ ಅಲ್ಲ, ಅದು ಗಾಳಿಯ ಆಮ್ಲಜನಕದ ಜೊತೆ ಸೇರಿ ಗಟ್ಟಿಯಾಗುತ್ತದೆ, ಆಗ ಬಿಸಿ ಹುಟ್ಟುತ್ತದೆ. ಪೇಂಟ್ ಮತ್ತು ಟರ್ಪೆಂಟೈನ್ ಹೀರಿದ ಬಟ್ಟೆಗಳನ್ನು ಉಂಡೆ ಮಾಡಿ ಮೂಲೆಯಲ್ಲಿ ಎಸೆದರೆ ಆ ಬಿಸಿ ಒಳಗೇ ಉಳಿದು, ಯಾರೂ ಕಡ್ಡಿ ಗೀರದೆಯೇ ಬೆಂಕಿ ಹತ್ತಬಹುದು. ಹೊರಗೆ, ನೆರಳಲ್ಲಿ, ಒಂದೊಂದಾಗಿ ಬಿಡಿಸಿ ಹರವಿ. ಪೂರ್ತಿ ಒಣಗಿ ಗರಿಗರಿ ಆದಮೇಲೆ ಎಸೆಯಿರಿ. ಅಥವಾ ಹಳೆಯ ಪೇಂಟ್ ಡಬ್ಬದಲ್ಲಿ ನೀರು ತುಂಬಿ ಅದರಲ್ಲಿ ಮುಳುಗಿಸಿ ಮುಚ್ಚಿಡಿ. ವಾಷಿಂಗ್ ಮೆಷಿನ್‌ಗೆ ಖಂಡಿತ ಹಾಕಬೇಡಿ. ಉಳಿದ ಟರ್ಪೆಂಟೈನ್ ಸಿಂಕಿಗೂ ಬೇಡ.

ಒಣಗಿದ ಆಯಿಲ್ ಪೇಂಟ್‌ಗೆ ಮಾತ್ರ ನಾನು ಭರವಸೆ ಕೊಡುವುದಿಲ್ಲ. ಒಮ್ಮೆ ಗಟ್ಟಿಯಾದ ಮೇಲೆ ಟರ್ಪೆಂಟೈನ್‌ಗೆ ಅದು ಕರಗುವುದಿಲ್ಲ. ಪೇಂಟ್ ರಿಮೂವರ್‌ಗೆ ಕರಗುತ್ತದೆ, ಆದರೆ ಅದು ಬಾಗಿಲಿಗೆ, ಗ್ರಿಲ್‌ಗೆ ಅಂತ ಮಾಡಿದ್ದು, ಎಳೆಯನ್ನೂ ಅಂಟನ್ನೂ ತಿಂದುಬಿಡುತ್ತದೆ. ಇಲ್ಲಿ ಕೆಲಸಕ್ಕೆ ಬರುವುದು ಇಕ್ಕಳ. ಚೆನ್ನಾಗಿ ಒಣಗಿದ ಎನಾಮಲ್ ಪೆಡಸು. ಪೇಂಟ್ ಹತ್ತಿದ ಎಳೆಯ ಗೊಂಚಲನ್ನು ಸಣ್ಣ ಇಕ್ಕಳದಲ್ಲಿ ಹಿಡಿದು ಮೆಲ್ಲಗೆ ಅದುಮಿದರೆ ಚಟ್ ಅಂತ ಬಿರುಕು ಬಿಡುತ್ತದೆ, ಬೆರಳಲ್ಲಿ ಹೊಸೆದರೆ ಚಕ್ಕೆಯಾಗಿ ಉದುರುತ್ತದೆ. ಎಳೆಯಬೇಡಿ, ಬರೀ ಅದುಮಿ. ತುದಿಗೆ ಮಾತ್ರ ಹತ್ತಿದ್ದರೆ ಸಣ್ಣ ಕತ್ತರಿಯಲ್ಲಿ ತುದಿಯನ್ನಷ್ಟೇ ಸವರಿ. ಎಳೆ ಬಿಡಿಯಾಗಿ ನಿಂತ ಕಾರ್ಪೆಟ್‌ಗೆ ಇದು ಸರಿ, ಎಳೆ ಕುಣಿಕೆ ಕುಣಿಕೆಯಾಗಿ ಇರುವಂಥದ್ದಕ್ಕೆ ಕತ್ತರಿ ಹಾಕಬಾರದು, ಕುಣಿಕೆ ಕತ್ತರಿಸಿದರೆ ಅಲ್ಲಿಂದ ಬಿಚ್ಚಿಕೊಳ್ಳುತ್ತದೆ.

ಕಲೆ ತುಂಬ ಹಳೆಯದ್ದಾದರೆ ಮಾಸ್ಕ್ ಹಾಕಿಕೊಳ್ಳಿ. ಮನೆಗೆ ಬಳಿಯುವ ಪೇಂಟ್‌ನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದು ಅನ್ನುವ ನಿಯಮ ನಮ್ಮ ದೇಶದಲ್ಲಿ ಬಂದಿದ್ದು 2016ರಲ್ಲಿ. ಅದಕ್ಕೂ ಹಿಂದಿನ ಎನಾಮಲ್‌ನ ಚಕ್ಕೆಯಲ್ಲಿ ಸೀಸ ಇರಬಹುದು. ಅಂಬೆಗಾಲಿಡುವ ಮಗು ಇರುವ ಮನೆಯಾದರೆ ಪುಡಿಯನ್ನು ಪೊರಕೆಯಲ್ಲಿ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒತ್ತಿ ತೆಗೆದು ಕವರ್ ಕಟ್ಟಿ ಎಸೆಯಿರಿ.

ಉಳಿದವು

ಡಿಸ್ಟೆಂಪರ್ ಒಣಗಿದ್ದರೆ ಬ್ರಶ್‌ನಲ್ಲಿ ಉದುರಿಸಿ ವ್ಯಾಕ್ಯೂಮ್ ಮಾಡಿ, ಆಮೇಲೆ ಸೋಪಿನ ನೀರು. ಅಕ್ರಿಲಿಕ್ ಡಿಸ್ಟೆಂಪರ್ ಸ್ವಲ್ಪ ಹಠ ಮಾಡಿದರೆ ಎಮಲ್ಷನ್ ದಾರಿಯೇ. ಸುಣ್ಣ ಬೇರೆ ವಿಷಯ, ಅದು ಕ್ಷಾರ, ಉಣ್ಣೆ ಮೇಲೆ ಹೆಚ್ಚು ಹೊತ್ತು ಬಿಡಬಾರದು. ಗ್ಲೌಸ್ ಹಾಕಿಕೊಂಡು ಬಾಚಿ ತೆಗೆದು, ಅರ್ಧ ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಬಿಳಿ ವಿನೆಗರ್ ಬೆರೆಸಿ ಒತ್ತಿ, ನಂತರ ಬರೀ ನೀರು. ಅರಗಿನ ಪಾಲಿಶ್ ಸ್ಪಿರಿಟ್‌ಗೆ ಕರಗುತ್ತದೆ. ಪಿಯು ಪಾಲಿಶ್ ಒಣಗಿದ ಮೇಲೆ ಯಾವುದಕ್ಕೂ ಬಗ್ಗುವುದಿಲ್ಲ, ಇಕ್ಕಳ, ಕತ್ತರಿ ಅಷ್ಟೇ. ಮಕ್ಕಳ ಪೋಸ್ಟರ್ ಕಲರ್ ಬಹುತೇಕ ಸೋಪಿನ ನೀರಿಗೆ ಹೋಗುತ್ತದೆ. ಅಕ್ರಿಲಿಕ್ ಕಲರ್, ಫ್ಯಾಬ್ರಿಕ್ ಕಲರ್ ಆದರೆ ಅದೂ ಎಮಲ್ಷನ್ ಜಾತಿಯದ್ದೇ.

ಎಲ್ಲ ಮಾಡಿದ ಮೇಲೂ ಏನೋ ಸರಿಯಿಲ್ಲ

ರಾತ್ರಿ ಕ್ಲೀನಾಗಿತ್ತು, ಬೆಳಗ್ಗೆ ಕಲೆ ಮತ್ತೆ ಬಂದಿದೆ. ಬುಡದಲ್ಲಿ ಪೇಂಟ್ ಉಳಿದಿತ್ತು ಅಂತ ಅರ್ಥ. ಕಾರ್ಪೆಟ್ ಒಣಗುವುದು ಎಳೆಗಳ ತುದಿಯಿಂದ, ಬುಡದ ನೀರು ಮೇಲೇರುವಾಗ ಕರಗಿದ ಬಣ್ಣವನ್ನೂ ಹೊತ್ತು ತರುತ್ತದೆ. ಇದು ಕೆಟ್ಟ ಸುದ್ದಿ ಅಲ್ಲ, ಬಣ್ಣ ಕೈಗೆ ಸಿಗುವ ಜಾಗಕ್ಕೆ ಬಂದಿದೆ. ಸ್ವಲ್ಪವೇ ಒದ್ದೆ ಮಾಡಿ, ಮಡಚಿದ ಒಣ ಬಿಳಿ ಬಟ್ಟೆ ದಪ್ಪವಾಗಿ ಇಟ್ಟು, ಮೇಲೆ ಪ್ಲಾಸ್ಟಿಕ್ ಹಾಕಿ, ಭಾರದ ಪುಸ್ತಕ ಹೇರಿ ರಾತ್ರಿಯಿಡೀ ಬಿಡಿ. ಬಣ್ಣ ಈ ಸಲ ಕಾರ್ಪೆಟ್ ತುದಿಗೆ ಬರುವ ಬದಲು ಬಟ್ಟೆಗೆ ಬರುತ್ತದೆ.

ಕಲೆಯಿದ್ದ ಜಾಗದ ಸುತ್ತ ಹಳದಿ ಉಂಗುರ. ಆಯಿಲ್ ಪೇಂಟ್ ತೆಗೆದ ಕಡೆ ಬರುತ್ತದೆ, ಎಣ್ಣೆಯ ಪಸೆ ಹರಡಿದೆ. ಕಾರ್ನ್‌ಫ್ಲೋರ್ ದಪ್ಪವಾಗಿ ಉದುರಿಸಿ ಕೆಲವು ಗಂಟೆ ಬಿಟ್ಟು ವ್ಯಾಕ್ಯೂಮ್ ಮಾಡಿ, ಆಮೇಲೆ ಸೋಪಿನ ನೀರು.

ಕಂದು ಕಲೆ, ಪೇಂಟ್‌ಗೂ ಅದಕ್ಕೂ ಸಂಬಂಧವೇ ಇಲ್ಲದ ಬಣ್ಣ. ನೀರು ಜಾಸ್ತಿಯಾಯಿತು. ಹಿಂಬದಿಯ ಸೆಣಬು ಅಥವಾ ಹತ್ತಿ ನೆನೆದು ಅದರ ಕಂದು ಬಣ್ಣ ಮೇಲೆ ಬಂದಿದೆ. ಸುಣ್ಣಕ್ಕೆ ಹೇಳಿದ ವಿನೆಗರ್ ನೀರೇ ಇದಕ್ಕೂ ಆಗುತ್ತದೆ, ಬಟ್ಟೆಯಲ್ಲಿ ಒತ್ತಿ, ಬೇಗ ಒಣಗಿಸಿ.

ಕಲೆ ಇಲ್ಲ, ಆದರೆ ಕೈಯಾಡಿಸಿದರೆ ಗಟ್ಟಿ. ಎಳೆಗಳ ಮೇಲೆ ಎಮಲ್ಷನ್‌ನ ತೆಳು ಪದರ ಇನ್ನೂ ಇದೆ. ಸ್ಪಿರಿಟ್ ಇನ್ನೊಂದು ಸುತ್ತು, ಒದ್ದೆ ಇರುವಾಗಲೇ ಅಗಲ ಹಲ್ಲಿನ ಬಾಚಣಿಗೆಯಿಂದ ಮೆಲ್ಲಗೆ ಬಿಡಿಸಿ.

ಚೆನ್ನಾಗೇ ಇತ್ತು, ಕೆಲವು ವಾರದಲ್ಲಿ ಆ ಜಾಗ ಮಾತ್ರ ಕಪ್ಪಾಗಿದೆ. ಇದು ಪೇಂಟ್ ಅಲ್ಲ, ಸೋಪು. ತೊಳೆದು ತೆಗೆಯದೆ ಉಳಿದ ಸೋಪಿನ ಅಂಟಿಗೆ ಓಡಾಡುವವರ ಕಾಲ ಧೂಳು ಹಿಡಿದಿದೆ. ಮತ್ತೆ ಸೋಪು ಹಾಕಿದರೆ ಇನ್ನೂ ಜಾಸ್ತಿ ಆಗುತ್ತದೆ. ಬರೀ ನೀರಿನ ಬಟ್ಟೆ, ಒಣ ಬಟ್ಟೆ, ಬಟ್ಟೆಗೆ ನೊರೆ ಬರುವುದು ನಿಲ್ಲುವವರೆಗೆ.

ಆ ಜಾಗ ಬೆಳ್ಳಗೆ, ಪೇಲವವಾಗಿದೆ. ಎಳೆಗಳನ್ನು ಬಿಡಿಸಿ ಬೆಳಕಿನಲ್ಲಿ ನೋಡಿ. ಎಳೆಯ ಮೇಲೆ ಏನೂ ಅಂಟಿಲ್ಲ, ಎಳೆಯೇ ಪೇಲವ ಅಂದರೆ ಕಾರ್ಪೆಟ್‌ನ ಬಣ್ಣವೇ ಹೋಗಿದೆ. ಇನ್ನೇನು ತೊಳೆದರೂ ಉಪಯೋಗವಿಲ್ಲ, ನಿಲ್ಲಿಸಿ.

ಮುಗ್ಗಲು ವಾಸನೆ. ಕಾರ್ಪೆಟ್ ಒಳಗೆ ಒಣಗಿಲ್ಲ. ಕರಾವಳಿ, ಮಲೆನಾಡಿನಲ್ಲಿ ಮಳೆಗಾಲಕ್ಕೆ ಇದು ಖಾತ್ರಿ, ಅಲ್ಲಿಯವರು ಆಗ ನೀರನ್ನು ಎಷ್ಟು ಕಡಿಮೆ ಬಳಸಿದರೂ ಕಡಿಮೆಯೇ. ಕಾರ್ಪೆಟ್‌ನ ಆ ಭಾಗವನ್ನು ಎರಡು ಕುರ್ಚಿಗಳ ನಡುವೆ ಎತ್ತಿ ಹಾಕಿ, ಮೇಲಿಂದಲೂ ಕೆಳಗಿನಿಂದಲೂ ಗಾಳಿ ಆಡುವಂತೆ ಫ್ಯಾನ್ ಇಡಿ. ಬಿಸಿಲಿಗೆ ಹಾಕುವುದಾದರೆ ಹಿಂಬದಿ ಮೇಲೆ ಮಾಡಿ.

ಯಾವಾಗ ಕೈ ಬಿಡಬೇಕು

ಒಂದು ಇಡೀ ಡಬ್ಬ ಬಿದ್ದು ಹಿಂಬದಿಗೂ ಇಳಿದಿದ್ದರೆ, ವಿಸ್ಕೋಸ್ ಅಥವಾ ರೇಷ್ಮೆ ಆಗಿದ್ದರೆ, ಪರೀಕ್ಷೆಯಲ್ಲೇ ಬಣ್ಣ ಬಿಟ್ಟಿದ್ದರೆ, ಅಜ್ಜಿಯ ಕಾಲದ ಕೈನೇಯ್ಗೆ ಕಾರ್ಪೆಟ್ ಆಗಿದ್ದರೆ, ಸುಮ್ನೆ ಪ್ರಯೋಗ ಮಾಡದೆ ಕಾರ್ಪೆಟ್ ತೊಳೆಯುವವರಿಗೆ ಕೊಡಿ. ಕೊಡುವಾಗ ಯಾವ ಪೇಂಟ್, ಯಾವಾಗ ಬಿತ್ತು, ನೀವು ಇಲ್ಲಿಯವರೆಗೆ ಏನೇನು ಹಾಕಿದ್ದೀರಿ, ಎಲ್ಲ ಹೇಳಿ. ಏನೂ ಹಾಕಿಲ್ಲ ಅಂತ ಮುಚ್ಚಿಟ್ಟರೆ ನಷ್ಟ ನಿಮಗೇ, ಟರ್ಪೆಂಟೈನ್ ಇರುವ ಜಾಗಕ್ಕೆ ಅವರು ನೀರಿನ ಮೆಷಿನ್ ಹಿಡಿಯುತ್ತಾರೆ. ಅವರು ನೋಡದೆಯೇ "ಪೂರ್ತಿ ಹೋಗುತ್ತೆ ಸರ್, ಗ್ಯಾರಂಟಿ" ಅಂದರೆ ಇನ್ನೊಬ್ಬರನ್ನು ಕೇಳಿ.

ಕೈಯಲ್ಲಿ ಗಂಟು ಹಾಕಿದ ಕಾರ್ಪೆಟ್ ಆದರೆ ಇನ್ನೂ ಒಂದು ದಾರಿ ಇದೆ. ಹಾಳಾದಷ್ಟು ಗಂಟುಗಳನ್ನು ಬಿಚ್ಚಿ, ಅದೇ ಬಣ್ಣದ ಉಣ್ಣೆ ಹೊಂದಿಸಿ ಮತ್ತೆ ಗಂಟು ಹಾಕಿಕೊಡುವ ರಫೂ ಕೆಲಸದವರು ಇದ್ದಾರೆ. ಕಾಶ್ಮೀರಿ ಕಾರ್ಪೆಟ್ ಅಂಗಡಿಗಳಲ್ಲಿ ವಿಚಾರಿಸಿದರೆ ಗೊತ್ತಾಗುತ್ತದೆ. ಟಫ್ಟೆಡ್‌ಗೆ ಹೀಗೆ ಗಂಟು ಹಾಕಲು ಬರುವುದಿಲ್ಲ, ಆದರೆ ಸೋಫಾ ಕೆಳಗೆ ಹೋಗುವ ಅಂಚಿನಿಂದ ಒಂದು ಚೌಕ ಕತ್ತರಿಸಿ ಕಲೆಯ ಜಾಗಕ್ಕೆ ಕೂರಿಸಬಹುದು. ಎಳೆ ಮಲಗುವ ದಿಕ್ಕು ಸುತ್ತಲಿನ ದಿಕ್ಕಿಗೆ ಹೊಂದುವಂತೆ ಕೂರಿಸಿ, ಇಲ್ಲದಿದ್ದರೆ ಆ ಚೌಕ ಬೇರೆ ಬಣ್ಣದ ಹಾಗೆ ಕಾಣುತ್ತದೆ.